ಬ್ಲೋವರ್ ಹಿಡಿದವನ ನಗು

ಜೋಗೇಶ್ವರಿಯ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರರ ಬಾಗಿಲ ಮುಂದೆ ಅತ್ತೆಯ ಜೊತೆ ಕೂತಿದ್ದ ರಂಜನಿಯ ಕಿವಿ, ಮರಾಠಿ ಗದ್ದಲದ ನಡುವೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿ ನೆಟ್ಟಗಾಯಿತು. ಬಿಲ್ಡಿಂಗ್ ಕೆಲಸದ ಇಬ್ಬರು ಹೆಂಗಸರು. ಚಿಕ್ಕವಳ ಎರಡೂ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿತ್ತು.

"ದಿನಾ ಸಂಜಿಗೆ ಲೋಕಲ್ ಟ್ರೇನ್ ಹತ್ತೂ ಮುಂದ ಎಲ್ಲಾರ ಮೈಮ್ಯಾಲಿನ ಧೂಳ ಊದಿ ಕಳಸ್ತಾನ ಕೆಲಸ ಮಾಡ್ಸೂ ಮುಕಾದಮ. ನಿನಗಷ್ಟ ಯಾಕ ಹಿಂಗ ಮಾಡಿದಾ, ಮಹಾದೇವಿ?"

"ಧೂಳ ಊದೂ ನೆಪದಾಗ ಮೈ ಮುಟ್ಟಬ್ಯಾಡ ಅಂದಿದ್ದೆ, ದೇವಕ್ಕ. ಅದಕ್ಕ ಆ ಗಾಳಿ ಊದೂ ಬ್ಯಾಟರಿ ಬ್ಲೋವರಿನ ಬಾಯಾಗ ಸಿಮೆಂಟ್ ತುಂಬಿದ್ದ."

"ಕಣ್ಣರ ಮುಚ್ಚಬೇಕಿತ್ತಲ್ಲ?"

"ಮುಚ್ಚಿದ್ದೆ. 'ಆತು, ತೆರಿ' ಅಂದಾ. ತೆರದೆ. ಆವಾಗ ಬಟನ್ ಒತ್ತಿದಾ."

"ಅವನ ಕೈ ಸೇದಿ ಹೋಗ್ಲಿ! ಆಮ್ಯಾಲ?"

"ಮಷಿನ್ ಕೈಗೆ ಸಿಕ್ತು, ಕಸಗೊಂಡೆ. ಬ್ಯಾಟರಿ ಕಡೆ ಭಾರ ಇರತೈತಲ್ಲ, ಅದನ್ನ ಮುಂದ ಮಾಡಿ ಹಿಡದೆ."

"ಕಣ್ಣ ಕಾಣದ ಹೆಂಗ ಹೊಡದಿ?"

"ಅವ ನಗಾಕತ್ತಿದ್ದ. ನಗು ಎಲ್ಲಿತ್ತೋ ಅಲ್ಲಿಗೆ ಬೀಸಿದೆ."

"ಎಷ್ಟ ಸಲ?"

"ನಗು ನಿಲ್ಲೂ ತನಕ."

ರಂಜನಿ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅವನ ದವಡಿ ಮುರದೈತಿ. ನಾ ಓಡಿ ಬರೂದ್ರಾಗ ಹಲ್ಲ ನೆಲದಾಗ ಬಿದ್ದಿದ್ವು. ಅವನ ಮಂದಿ ಸುಮ್ನ ಬಿಡೂದಿಲ್ಲ. ಊರಿಗೆ ಹೋಗಿಬಿಡು."

"ಮಷಿನ್ ಎಲ್ಲೈತಿ?"

"ನನ್ನ ಚೀಲದಾಗ. ರಕ್ತ ಒರಸೀನಿ."

ಒಳಗಿನಿಂದ ಸಿಸ್ಟರ್ ಹೆಸರು ಕೂಗಿದಳು. ಮಹಾದೇವಿ ಗೋಡೆ ತಡವುತ್ತಾ ಎದ್ದಳು. ಕೈ ಹಿಡಿಯಲು ಬಂದ ದೇವಕ್ಕನನ್ನು ಬದಿಗೆ ಸರಿಸಿದಳು.

"ಅದನ್ನ ಚಾರ್ಜಿಗೆ ಹಾಕಿಡು. ನಾಳಿಂದ ಎಲ್ಲಾರ ಮೈಮ್ಯಾಲಿನ ಧೂಳ ನಾನ ಊದ್ತೀನಿ," ಎಂದು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.