ಅಂದಮಾನದಾಗ ತುಂಬಿದ ಗಂಗಿ

ಗುಡ್ಡದ ಕಾಲಕಾಲೇಶ್ವರನ ಆಣಿ. ಇದರಾಗ ಒಂದ ಮಾತು ಸುಳ್ಳ ಇದ್ರ ಈ ನಾಲಿಗಿ ಸೇದಿ ಹೋಗಲಿ. ನಾ ಸಾಲಿ ಕಲತಾಂವ ಅಲ್ಲ, ಕತಿ ಕಟ್ಟಾಕ ಬರೂದಿಲ್ಲ ನನಗ. ಅಮಾಸಿ ಕತ್ತಲ್ಯಾಗ ರಾಜೂರ ಹಾದಿ ಹಿಡದು ಒಬ್ಬನ ಎತ್ತು ಹೊಡಕೊಂಡ ಬಂದಾಂವ. ಸುಡಗಾಡದಾಗ ಕಂಬಳಿ ಹಾಸಿ ಗೊರಕಿ ಹೊಡದಾಂವ. ದೆವ್ವ ನನ್ನ ಕಂಡ್ರ ಅದ ಬಾಜೂಕ ಸರದು ಹಾದಿ ಬಿಡತಿತ್ತು. ಅಂಥಾ ನನಗೂ ಈ ಮಾತು ಹೇಳಾಕ ಕುಂತ್ರ ಹಿತ್ತಲ ಬಾಗಲಾ ಹಾಕೇನೋ ಇಲ್ಲೋ ಅಂತ ಒಮ್ಮಿ ತಿರಗಿ ನೋಡಬೇಕ ಅನಸತೈತಿ... ಹಾಕೇತಿ. ಹೂಂ. ಕೇಳ್ರಿ.

ಇದು ಆದದ್ದು ನನ್ನ ತಂಗಿ ಮಗ ಪ್ರಭುಲಿಂಗಪ್ಪಗ. ಗಜೇಂದ್ರಗಡ ಪ್ಯಾಟ್ಯಾಗ ಬೀಜ-ಗೊಬ್ಬರದ ಅಂಗಡಿ ಐತಲ್ಲ, ಅಂವಗ.

ರಾತ್ರಿ ಊಟಾ ಮುಗಿಸಿ ಗಂಡಾ ಹೆಂಡತಿ ನಡಕೊಂತ ಹೊಂಟಿದ್ರು. ಅಂವ ಮುಂದ, ನಿರ್ಮಲಾ ಹಿಂದ. ಉಸುಕಿನ ಹಾದಿ. ಬಲಕ್ಕ ಸಮುದ್ರ... ಹೌದ್ರಿ, ಸಮುದ್ರ. ನಮ್ಮ ಕಡೆ ಅಲ್ಲ ಇದು. ಅಂದಮಾನ ಅಂತಾರಲ್ಲ, ಅಲ್ಲಿ ಒಂದ ಸಣ್ಣ ನಡುಗಡ್ಡಿ. ಊಟದ ಜಾಗಾದಿಂದ ಇವರ ಗುಡಸಲಾಕ ಹೋಗೂ ಹಾದ್ಯಾಗ ಒಂದ ಆಲದ ಗಿಡ. ಗಿಡದ ಬುಡಕ ಹಳೇ ಬಾಂವಿ. ಗಾಲಿ ಇಲ್ಲ, ಹಗ್ಗ ಇಲ್ಲ. ಮ್ಯಾಲ ಕಬ್ಬಣದ ಜಾಳಗಿ ಹಾಕಿ ಬಂದ್ ಮಾಡಿದ್ರು.

ಕಿರ್ರ್... ಕಿರ್ರ್...

ಗಾಲಿ ತಿರಗಿದ ಸಪ್ಪಳ.

ನಿರ್ಮಲಾ ಅಂವನ ಅಂಗಿ ಹಿಡದು ಜಗ್ಗಿದ್ಲು. 'ರೀ... ಕೇಳಸ್ತೇನ?'

'ಗಾಳಿ.'

'ಎಲಿ ಅಳ್ಳಾಡವಲ್ವು. ಎಲ್ಲಿ ಗಾಳಿ?'

ದುಬುಕ್. ಕೊಡಾ ನೀರಿಗೆ ಬಿದ್ದಂಗ. ಆಮ್ಯಾಲ ಗುಳು ಗುಳು ಗುಳು... ತುಂಬಿದಂಗ. ಆಮ್ಯಾಲ ಏನೂ ಇಲ್ಲ.

ಆಮ್ಯಾಲ ಒಳಗಿಂದ, ತಾಮ್ರದ ಹಂಡ್ಯಾಗ ಬಾಯಿ ಇಟ್ಟು ಮಾತಾಡಿದಂಗ...

'ಪ್ರಭ್ಯಾ... ತುಂಬಿದೇನೋ?'

ಈ ಭೂಮಿ ಮ್ಯಾಲ ಅಂವಗ ಪ್ರಭ್ಯಾ ಅನ್ನಾಕಿ ಒಬ್ಬಾಕಿನ ಇದ್ಲು. ಊರಾಗ ಬಾಜೂ ಮನಿ ಮುದುಕಿ, ಹುಚ್ಚವ್ವ.

ಈಗ ಇವರು ಅಲ್ಲಿಗೆ ಹ್ಯಾಂಗ ಹೋದ್ರು ಅನ್ನೂದ ಹೇಳಬೇಕು, ಇಲ್ಲಾಂದ್ರ ನಿಮಗ ತಿಳ್ಯಾಂಗಿಲ್ಲ. ಪ್ರಭುಲಿಂಗಪ್ಪನ ಅಪ್ಪ, ಅಂದ್ರ ನಮ್ಮ ಭಾವ, ತೀರಿ ಇನ್ನೂ ವರ್ಷ ತುಂಬಿರಲಿಲ್ಲ. ವರ್ಷ ತುಂಬೂತನಕ ಮನ್ಯಾಗ ಹಬ್ಬಿಲ್ಲ, ಮೋಜಿಲ್ಲ, ಹೊಸಾ ಅರಿವಿ ಇಲ್ಲ. ಆದ್ರ ನಿರ್ಮಲಾಗ ಲಗ್ನ ಆದಾಗಿಂದ ಸಮುದ್ರ ನೋಡೂ ಹುಚ್ಚು. ಮಾವನ ಹೇಲು-ಉಚ್ಚಿ ಬಳದು ಹೆಣ್ಣಮಗಳು ಸೊರಗಿ ಕಟಗಿ ಆಗಿದ್ಲು. 'ಒಮ್ಮಿ ಎಲ್ಲೆರ ಕರಕೊಂಡ ಹೋಗ್ರಿ' ಅಂದ್ಲು. ಅದು ತಪ್ಪಲ್ಲ. ತಪ್ಪ ಮುಂದಿಂದು. ವರ್ಷದೊಳಗ ಕಾಶಿಗೆ ಹೋದ್ರ ಯಾರೂ ಏನೂ ಅನ್ನೂದಿಲ್ಲ. ಪುಣ್ಯಾ ಅಂತಾರ. ಅದಕ್ಕ ಈ ಶಾಣ್ಯಾ ಓಣಿಗೆಲ್ಲಾ ಕಾಶಿ ಅಂತ ಹೇಳಿ, ಅಂದಮಾನದ ಟಿಕೀಟ ತಗಿಸಿದ!

ಓಣಿ ಮಂದಿ ಬಿಡತಾರೇನ್ರಿ? ಹಲಗಿ ಬಡಸಿದ್ರು. ಮಾಲಿ ಹಾಕಿದ್ರು. ಅಂವನಕಿಂತ ವಯಸ್ಸಾದಾವ್ರು ಬಂದು ಅಂವನ ಕಾಲ ಮುಟ್ಟಿದ್ರು. ಹುಚ್ಚವ್ವ ಕೋಲ ಊರಕೊಂತ ಬಂದು, ಸೆರಗಿನ್ಯಾಗಿಂದ ಒಂದ ತಾಮ್ರದ ಗಿಂಡಿ ತಗದು ಅಂವನ ಕೈಯಾಗ ಇಟ್ಟಳು. ಮುಷ್ಟಿಯಾಗ ಹಿಡಸೂ ಅಷ್ಟ ಸಣ್ಣದು.

'ಗಂಗಿ ತುಂಬಕೊಂಡ ಬಾ ತಮ್ಮಾ. ಜೀವ ಹೋಗೂಮುಂದ ಎರಡ ಹನಿ ಬಾಯಾಗ ಬಿದ್ರ ಸಾಕು ನನಗ. ಮತ್ತೇನ ಬ್ಯಾಡ.'

ಅಂವ ಹುಟ್ಟಿದಾಗ ನಮ್ಮ ತಂಗಿ ಬಾಣಂತನದಾಗ ಹಾಸಗಿ ಹಿಡದಿದ್ಲು. ಈ ಹುಚ್ಚವ್ವನ ತನ್ನ ಮಗನ ಬಾಯಿ ಬಿಡಿಸಿ ಇವನಿಗೆ ಹಾಲ ಕುಡಿಸಿದ್ಲು. ಅಂಥಾಕಿ ಕೇಳಿದ್ದು ಎರಡ ಹನಿ ನೀರು. ಅಂವ 'ಆತಬೇ' ಅಂದ. ಅಂದು ಗಿಂಡಿ ಕಿಸೇದಾಗ ಇಟಗೊಂಡ.

ನಡುಗಡ್ಡ್ಯಾಗ ಮೊದಲ ದಿನಾ ಎಲ್ಲಾ ಚಲೋ ಹೋದ್ವು. ಎರಡ ತೆಂಗಿನ ಗಿಡಕ್ಕ ಕಟ್ಟಿದ ಬಲಿ ಜೋಕಾಲ್ಯಾಗ ಪ್ರಭುಲಿಂಗಪ್ಪ ಎಮ್ಮಿ ಬಿದ್ದಂಗ ಬಿದ್ದಿರಾಂವ. ಹೊಟ್ಟಿ ಮ್ಯಾಲ ಎಳನೀರ ಕಾಯಿ. ನಿರ್ಮಲಾ ಸೀರಿ ಮೊಣಕಾಲತನಕ ಎತ್ತಿ ನೀರಾಗ ನಿಂತು ತೆರಿ ಬಂದಾಗೊಮ್ಮಿ ಚೀರಿ ನಗಾಕಿ.

'ರೀ, ಹಿಂಗ ಮಕ್ಕೊಂಡ್ರ ಕರ್ರಗ ಆಗತೀರಿ. ಕಾಶಿಗೆ ಹೋಗಿ ಕಾಗಿ ಆಗಿ ಬಂದ ಅಂತಾರ ಮಂದಿ.'

'ಅನ್ನಲಿ ತಗೋ. ಗಂಗ್ಯಾಗ ಮುಣಗಿ ಪಾಪ ಬಿಟ್ಟೆ, ಬಣ್ಣಾನೂ ಬಿಟ್ಟಿತು ಅಂತೇನಿ.'

ನಕ್ಕರು. ಇಬ್ಬರೂ ಹೊಟ್ಟಿ ಹಿಡಕೊಂಡ ನಕ್ಕರು. ಲಗ್ನದಾಗೂ ಹಂಗ ನಕ್ಕಿರಲಿಲ್ಲ.

ಊರಿಗೆ ಹೊಂಡಾಕ ಇನ್ನ ಎರಡ ದಿನಾ ಉಳದಿದ್ವು. ಅವತ್ತ ಸಂಜಿಕ ಫೋನ್ ಬಂತು. ಹುಚ್ಚವ್ವನ ಸೊಸಿ ಕಳಕವ್ವ ಹಚ್ಚಿ ಮುದುಕಿ ಕೈಯಾಗ ಕೊಟ್ಟಿದ್ಲು.

'ಪ್ರಭ್ಯಾ, ಗಂಗಿ ದಂಡ್ಯಾಗ ಅದಿಯೇನೋ?'

'ಹೂನಬೇ... ಇಲ್ಲೇ ಅದೇನಿ.'

'ಆಕಿ ಸಪ್ಪಳ ನನಗೊಂಚೂರ ಕೇಳಸೋ.'

ಏನ ಮಾಡಬೇಕು? ಅಂವ ಎದ್ದು ಹೋಗಿ ಫೋನ್ ಸಮುದ್ರದ ಕಡೆ ಹಿಡದ. ತೆರಿ ಬಂದು ಭೋರ್ ಅಂತ ಬಿತ್ತು... ಸುಯ್ ಅಂತ ಹಿಂದ ಸರೀತು. ಮತ್ತ ಭೋರ್... ಮುದುಕಿ ಉಸರ ಬಿಡಲಾರದ ಕೇಳಿದ್ಲು. ಖರೇ ಹೇಳತೇನಿ, ಆ ಹೊತ್ತಿನ್ಯಾಗ ಅಂವಗ ಫೋನ್ ನೀರಾಗ ಒಗೀಬೇಕ ಅನಿಸಿತ್ತಂತ.

'ಭಾಳ ಸಿಟ್ಟಿನ್ಯಾಗ ಅದಾಳಲ್ಲೋ ತಾಯಿ,' ಅಂದ್ಲು ಮುದುಕಿ. 'ಸಮಾಧಾನಲೆ ತುಂಬಕೊಂಡ ಬಾ.'

ಅದ ರಾತ್ರಿ ಬಾಂವಿ ಕಡೆ ಆದದ್ದು ಮದ್ಲ ಹೇಳಿದೆ.

ಗುಡಸಲಾಕ ಓಡಿ ಬಂದು ಬಾಗಲಾ ಜಡದು ಕುಂತ್ರು. ಯಾರಿಗೂ ನಿದ್ದಿ ಇಲ್ಲ. ಬೆಳಕ ಹರದ ಮ್ಯಾಲ ಬಾಗಲಾ ತಗದ್ರ... ಪೆಟಿಗಿ ತಳಕ, ಅರಿವಿ ನಡಬರಕ ಸುತ್ತಿಟ್ಟ ಗಿಂಡಿ ಹೊರಗ ಪಾವಟಗಿ ಮ್ಯಾಲ, ಬಾಗಲ ಮುಂದಿನ ಮೆಟ್ಟಲಾ, ಅಲ್ಲಿ ಇತ್ತು. ಬೋರಲ. ಸುತ್ತೂ ಹಸಿ.

'ನಾ ಇಟ್ಟಿಲ್ಲ,' ಅಂದ್ಲು ನಿರ್ಮಲಾ.

'ನಾನೂ ಇಟ್ಟಿಲ್ಲ.'

ಊರಿಗೆ ಫೋನ್ ಹಚ್ಚಿದ. ಟಾವರ್ ಇಲ್ಲ. ಇಡೀ ದಿನಾ ಇಲ್ಲ. ಜೋಕಾಲಿ ಖಾಲಿ ತೂಗತಿತ್ತು. ನಿರ್ಮಲಾ ನೀರ ಕಡೆ ಹೋಗಲಿಲ್ಲ.

'ರೀ, ಇಲ್ಲಿಂದ ಸೀದಾ ಕಾಶಿಗೆ ಹೋಗೂಣು. ಆ ಮುದುಕಿಗೆ ಕೊಟ್ಟ ಮಾತು ಖೊಟ್ಟಿ ಆಗೂದು ಬ್ಯಾಡ ನಮಗ.'

'ಅಂಗಡಿ ಯಾರ ತಗೀಬೇಕು? ಬಿತ್ತಗಿ ಬಂತು ತಲಿಮ್ಯಾಲ.'

'ಮತ್ತ ಗಿಂಡ್ಯಾಗ ಏನ ತುಂಬತೀರಿ?'

ಅಂವ ಹೊತ್ತ ಮುಣಗೂಮುಂದ ಗಿಂಡಿ ತಗೊಂಡ ಹೋಗಿ ಸಮುದ್ರದ ನೀರಾಗ ಮುಣಗಿಸಿದ. ಗುಳುಕ್ ಅಂತು. ಮುಚ್ಚಳಾ ಹಾಕಿ, ಮೇಣದ ಬತ್ತಿ ಹಚ್ಚಿ, ಕಾಶ್ಯಾಗ ಮಾಡತಾರಲ್ಲ ಹಂಗ ಸುತ್ತಲೂ ಮೇಣ ಹನಿಸಿ ಬಂದ್ ಮಾಡಿದ.

ನಿರ್ಮಲಾನ ಕಣ್ಣಾಗ ನೀರು. 'ಉಪ್ಪ ಹತ್ತತೈತ್ರಿ ಮುದುಕಿ ಬಾಯಿಗೆ.'

'ಸಾಯೂಮುಂದ ರುಚಿ ಯಾರ ನೋಡತಾರ?' ಅಂದ.

ಅಂದುಬಿಟ್ಟ. ಬಾಯಿ ತಪ್ಪಿದ ಮಾತು ಹೊಳ್ಳಿ ಬರೂದಿಲ್ಲಲ್ರಿ.

ಆ ರಾತ್ರಿ ಬಾಂವಿ ಹಾದಿ ಬಿಟ್ಟರು. ಊಟಕ್ಕ ಹೋಗಲೇ ಇಲ್ಲ. ದೀಪಾ ಹಚ್ಚಿಟ್ಟ ಮಲಗಿದ್ರು. ಗಿಂಡಿ ಮೂಲ್ಯಾಗ, ಮೇಜಿನ ಮ್ಯಾಲ. ನಡರಾತ್ರಿ ದೀಪಾ ಹೋತು. ಕರೆಂಟ್ ಹೋಗಿರಬೇಕು, ಇರಲಿ. ಆಗ ಬಾಗಲ ಹೊರಗ...

ಟಕ್. ಟಕ್. ಕೋಲ ಊರಿದ ಸಪ್ಪಳ.

ಉಸ್ಸಪ್ಪಾ ಅಂತ ಪಾವಟಗಿ ಮ್ಯಾಲ ಯಾರೋ ಕುಂತಂಗಾತು. ಬಳಿ ಕಿಣಕ್ ಅಂದ್ವು. ಆಮ್ಯಾಲ ಗುಟುಕ್... ಒಂದ ಗುಟುಕು. ಆಮ್ಯಾಲ...

ಥೂ.

ಥೂ... ಥೂ...

ಮುದುಕರು ಹಲ್ಲಿಲ್ಲದ ಬಾಯಿಲೆ ಉಗುಳತಾರಲ್ಲ, ಹಂಗ. ಸಿಟ್ಟಿಲ್ಲ. ಬೈಗುಳಿಲ್ಲ. ಕೂಸು ಕಹಿ ಔಷಧಾ ಉಗುಳಿದಂಗ. ಆಮ್ಯಾಲ ಸಣ್ಣಗ, ಅಳೂ ಧ್ವನಿಲೆ...

'ಉಪ್ಪೈತಲ್ಲೋ ಪ್ರಭ್ಯಾ...'

ಪ್ರಭುಲಿಂಗಪ್ಪ ಬಾಗಲಾ ತಗೀಲಿಲ್ಲ. ಆಣಿ ಮಾಡಿ ಹೇಳ್ಯಾನ ನನಗ, 'ಮಾವಾ, ತಗದಿದ್ರ ಕಾಲ ಹಿಡೀತಿದ್ದೆ, ತಗ್ಯಾಕ ಆಗಲಿಲ್ಲ' ಅಂತ. ಮುಖಾ ದಿಂಬಿನ್ಯಾಗ ಒತ್ತಿ ಬೆಳತನಾ ಮಲಗಿದ. ಮುಂಜಾನಿ ಗಿಂಡಿ ಮೇಜಿನ ಮ್ಯಾಲ ಇದ್ದಂಗ ಇತ್ತು. ಮೇಣ ಬಿರದಿರಲಿಲ್ಲ. ನಿರ್ಮಲಾ ಅದನ್ನ ಸೀರಿ ಚೂರನ್ಯಾಗ ಗಂಟ ಕಟ್ಟಿದ್ಲು. ಅಳ್ಳಾಡಿಸಿ ನೋಡೂ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಗಜೇಂದ್ರಗಡಕ್ಕ ಬಂದು ಇಳದ್ರ ಹಲಗಿ ಇಲ್ಲ, ಮಾಲಿ ಇಲ್ಲ. ಓಣಿ ಸುಮ್ಮನ. ಹುಚ್ಚವ್ವನ ಮನಿ ಮುಂದ ಬೆಂಕಿ ಹಾಕಿದ ಬೂದಿ. ಮಣ್ಣ ಮಾಡಿ ಆಗಿತ್ತು.

ಕಳಕವ್ವ ಹೊರಗ ಬಂದ್ಲು. ಕೈಯಾಗ ತುಂಬಿದ ಕೊಡಾ, ಇನ್ನೊಂದ ಕೈಯಾಗ ಪರಾತ. ಕಾಶಿಗೆ ಹೋಗಿ ಬಂದಾವ್ರ ಕಾಲ ತೊಳದು ಆ ನೀರು ಕಣ್ಣಿಗೆ ಒತ್ತಿಕೊಳ್ಳೂ ಪದ್ಧತಿ ಐತಲ್ಲ ನಮ್ಮಲ್ಲಿ? ಸಾವಿನ ಮನ್ಯಾಗ ಕುಂತಾಕಿ ಎದ್ದು ಬಂದಿದ್ಲು, ಪಾಪ.

'ಬ್ಯಾಡ ವೈನಿ,' ಅಂದ ಪ್ರಭುಲಿಂಗಪ್ಪ. ಕಾಲ ಹಿಂದ ಜಗ್ಗಿದ.

'ಹಂಗಂದ್ರ ಹ್ಯಾಂಗಪಾ? ಅತ್ತಿ ಹೇಳಿ ಹೋಗ್ಯಾಳ, ಪ್ರಭ್ಯಾ ಬಂದ್ರ ಕಾಲ ತೊಳೀದ ಒಳಗ ಕರೀಬ್ಯಾಡ ಅಂತ.' ಅಷ್ಟೊತ್ತಿಗೆ ಅಂವನ ಪಾದ ಹಿಡದು ಪರಾತದಾಗ ಇಟ್ಟು ನೀರ ಹಾಕೇ ಬಿಟ್ಟಳು. ತಿಕ್ಕೊಂತ ಹೇಳಿದ್ಲು: 'ನಿಮ್ಮ ಕೂಡ ಫೋನಿನ್ಯಾಗ ಮಾತಾಡಿದ್ಲಲ್ಲ, ಅದ ರಾತ್ರಿ ಎಚ್ಚರ ತಪ್ಪಿದ್ಲು. ಮರದಿನಾ ನಡರಾತ್ರಿ ಹೋತು ಜೀವ. ಹೋಗೂ ಮದ್ಲ ಬಾಯಿ ತಗದ್ಲು. ನಾ ನಮ್ಮ ಬಾಂವಿ ನೀರ ಎರಡ ಹನಿ ಬಿಟ್ಟೆ. ಥೂ ಥೂ ಅಂತ ಉಗುಳಿದ್ಲು. ಉಪ್ಪು ಅಂದ್ಲು... ನಮ್ಮ ಬಾಂವಿ ನೀರ ಸಿಹಿ ಅಲ್ಲೇನ ಪ್ರಭಣ್ಣ? ತುಟಿ ಮ್ಯಾಲ ಬೆಳ್ಳಗ ಕಟ್ಟಿತ್ತು. ಸೆರಗಲೆ ಒರಸಿದೆ, ಮತ್ತ ಬಂತು. ಒರಸಿದೆ, ಮತ್ತ ಬಂತು. ಮಣ್ಣಾಗ ಇಡೂತನಕ ಬಂತು.'

ತಲಿ ಎತ್ತಿ ಅಂವನ ಮಾರಿ ನೋಡಿದ್ಲು.

'ಕಾಶ್ಯಾಗ ಗಂಗಿ ಉಪ್ಪ ಇರತಾಳೇನು?'

ಪ್ರಭುಲಿಂಗಪ್ಪ ಕಾಲ ತೊಳದ ನೀರಿನ ಕಡೆ ನೋಡಿದ. ಬೆರಳ ಸಂದ್ಯಾಗಿನ ಬಿಳೇ ಉಸುಕು ಪರಾತದ ತಳಕ ಕುಂದರಾಕ ಹತ್ತಿತ್ತು. ನಿರ್ಮಲಾ ಕಳಕವ್ವನ ಕೈ ಹಿಡದು ಅಂದ್ಲು, 'ಅಕ್ಕಾ, ನಾವು ಕಾಶಿಗೆ ಹೋಗಿಲ್ಲ.'

ಕಳಕವ್ವ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಆಕಿ ಆ ಕಾಲ ತೊಳದ ನೀರು ನೋಡಿದ್ಲು, ಹೋಗಿ ಗಟಾರಕ್ಕ ಚೆಲ್ಲಿದ್ಲು, ಕೊಡಾ ಹಿಡಕೊಂಡ ಒಳಗ ಹೋದ್ಲು. ಅಷ್ಟ. ಆಮ್ಯಾಲ ಇವರಿಬ್ಬರೂ ಖರೇನ ಕಾಶಿಗೆ ಹೋದ್ರು, ಬಿತ್ತಗಿ ಹಂಗಾಮದಾಗ ಅಂಗಡಿ ಮುಚ್ಚಿ ಹೋದ್ರು. ಗಂಗಿ ತಂದು ಮುದುಕಿ ಮಣ್ಣಿನ ಮ್ಯಾಲ ಹಾಕಿದ್ರು. ಏನ ಮಾಡೂದ್ರಿ, ಮಣ್ಣಿಗೆ ಬಾಯಿ ಐತೇನ? ಪ್ರಭುಲಿಂಗಪ್ಪ ಇವತ್ತಿಗೂ ಉಪ್ಪಿಲ್ಲದ ಉಣತಾನ. ಉಪ್ಪ ಮುಂದ ಇಟ್ರ ತಾಟ ಸರಸತಾನ.

ಆ ಗಿಂಡಿ ಕಳಕವ್ವ ಒಲ್ಲೆ ಅಂದ್ಲು. ಪ್ರಭುಲಿಂಗಪ್ಪ ತಂದು ನನ್ನ ಕೈಯಾಗ ಕೊಟ್ಟ, 'ಮಾವಾ, ಇದನ್ನ ಮನ್ಯಾಗ ಇಟಗೊಂಡ ನನಗ ನಿದ್ದಿ ಹತ್ತೂದಿಲ್ಲ' ಅಂತ. ನಾ ಏನ ಅಂಜತೇನೇನ? ಸೀದಾ ಅಬ್ದುಲಮಜೀದನ ಚಾದಂಗಡಿಗೆ ಹೋಗಿ, ಮಂದಿ ಮುಂದ ಟೇಬಲ್ ಮ್ಯಾಲ ಕುಟ್ಟಿದೆ. 'ಎಲ್ಲಾ ಅಂವನ ತಲ್ಯಾಗಿನ ಭ್ರಮಾ. ಮೇಣ ಬಿಚ್ಚತೇನಿ ನೋಡ್ರಿ, ಒಳಗ ನೀರ ಇದ್ದಂಗ ಐತಿ.'

ಮಜೀದ ಗಿಂಡಿ ಎತ್ತಿ ನೋಡಿ 'ಬಿಡ್ರಿ ಕಾಕಾ,' ಅಂದ. 'ಅಳ್ಳಾಡಿಸ್ರಿ, ಹಗರ ಐತಿ ಅದು. ಸತ್ತಾಕಿ ವಸ್ತು, ಹಟಾ ಬ್ಯಾಡ.'

'ನೀರ ಇಲ್ಲಂದ್ರ ಈ ಕಿಸೇದಾಗಿಂದು ಎಲ್ಲಾ ನಿಂದು!' ಅಂದೆ. ಅವತ್ತ ಸಂತ್ಯಾಗ ಟಗರ ಮಾರಿ ಬಂದಿದ್ದೆ, ಹುರುಪ ಇತ್ತು.

ಚಾಕೂಲೆ ಮೇಣ ಕೆರದೆ. ಒಂದ ಕಡೆನೂ ಸಂದಿಲ್ಲ, ನಾನ ಈ ಕಣ್ಣಿಲೆ ನೋಡಿದೆ. ಮುಚ್ಚಳಾ ತಗದೆ, ಬೋರಲ ಮಾಡಿದೆ. ಒಂದ ಹನಿ ಬೀಳಲಿಲ್ಲ. ಬೆರಳ ಹಾಕಿ ತಿರವಿದೆ, ಒಣಾ ಒಣಾ. ಬೆರಳ ನೆಕ್ಕಿ ನೋಡಿದೆ... ಉಪ್ಪೂ ಇಲ್ಲ.

ಈಗ ಸುಳ್ಳ ಅನ್ನಾಂವ ಎದ್ದ ನಿಂತು ಅನ್ನಲಿ. ಸುಳ್ಳಿಗೆ ಯಾವ ಮಗಾ ರೊಕ್ಕಾ ಕೊಡತಾನ? ನಾ ಕೊಟ್ಟೇನಿ. ಮಜೀದ ಒಲ್ಲೆ ಒಲ್ಲೆ ಅಂದ್ರೂ ಅಂವನ ಗಲ್ಲಾದಾಗ ಎಣಿಸಿ ಹಾಕೇನಿ, ಹೋಗಿ ಕೇಳ್ರಿ... ಏಳು ಸಾವಿರದಾ ನಾಕನೂರಾ ಐವತ್ತು ರೂಪಾಯಿ.