ಏಳು ಬಿಲ್ಲೆಗಳ ತಟ್ಟೆ

...ಅಲ್ಲ, ಬಾಗಿಲು ಯಾಕೆ ಹಾಕ್ತೀಯ? ಸೆಖೆ. ಈ ಲ್ಯಾಬಿನ ಕುಲುಮೆ ಪಕ್ಕ ಕೂತು ಕೂತು ನನಗೆ ಅಭ್ಯಾಸ, ನೀನು ಬೆವೆತು ತೊಪ್ಪೆಯಾಗ್ತೀಯ. ಹನ್ನೊಂದಕ್ಕೆ ಪರೀಕ್ಷಕರ ಮುಂದೆ ನಿಂತು ಮಾತಾಡ್ಬೇಕು, ನೆನಪಿದೆಯಾ? ಸರಿ, ಹಾಕು. ಆ ಸ್ಟೂಲ್ ಎಳ್ಕೋ. ಅದಲ್ಲ, ಅದರ ಕಾಲು ಅಲ್ಲಾಡುತ್ತೆ... ಹ್ಞಾ, ಅದು.

ಏನೇ, ಚಿನಕುರುಳಿ ಅಂತ ನಿನಗೆ ಹೆಸರಿಟ್ಟೋನೇ ನಾನು. ನಮ್ಮ ಮದುವೇಲಿ ಅಷ್ಟು ಜನರ ನಡುವೆ "ಭಾವನ ಮೀಸೆ ಸೊಟ್ಟ" ಅಂತ ಕೂಗಿದ್ದೆಯಲ್ಲ, ಆಗ ನಿನಗೆ ಒಂಬತ್ತು ವರ್ಷ. ಇವತ್ತು ನೋಡಿದ್ರೆ ಬಾಯಿಗೆ ಬೀಗ. ಹೆದರಿಕೇನಾ? ಭಾವ ಇದ್ದೀನಲ್ಲ. ನನ್ನ ಮುಂದೆ ಒಂದ್ಸಲ ಒಪ್ಪಿಸಿಬಿಡು. ಬೇಡ್ವಾ? ಸರಿ, ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದು.

ಥರ್ಮಿಸ್ಟರ್ ಅಂದ್ರೆ ಬಿಸಿ ಅಳೆಯೋ ಬಿಲ್ಲೆ. ಕಾದ ಹಾಗೆ ಕರೆಂಟನ್ನ ಸಲೀಸಾಗಿ ಬಿಡುತ್ತೆ, ತಣ್ಣಗಾದ್ರೆ ಮೊಂಡು ಹಿಡಿಯುತ್ತೆ. ಮೊಂಡುತನ ಎಷ್ಟು ಅಂತ ಅಳೆದ್ರೆ ಬಿಸಿ ಎಷ್ಟು ಅಂತ ಸಿಕ್ಕಿತು. ನಿಮ್ಮಕ್ಕನ ಮುಖ ನೋಡಿ ನನ್ನ ದಿನ ಹೇಗಿರುತ್ತೆ ಅಂತ ನಾನು ಹೇಳ್ತೀನಲ್ಲ, ಹಾಗೆ. ನಗಲ್ವಾ? ಯಾವಾಗಲೂ ಇದಕ್ಕೆ ನಗ್ತಿದ್ದೆ.

ಹೋಗ್ಲಿ. ಮ್ಯಾಂಗನೀಸು, ನಿಕಲ್ಲು ಸೇರಿಸಿ, ಬಿಲ್ಲೆ ಮೇಲೆ ಕೂದಲಿಗಿಂತ ತೆಳ್ಳಗೆ ಬಳಿದು, ಕುಲುಮೇಲಿ ಸುಡೋದು. ಅದಕ್ಕೆ ಚಿಟಿಕೆ ತಾಮ್ರ ಬೆರೆಸಿದ್ರೆ ಎಲೆಕ್ಟ್ರಾನುಗಳು ಒಂದು ಮ್ಯಾಂಗನೀಸಿಂದ ಇನ್ನೊಂದಕ್ಕೆ ಸುಲಭವಾಗಿ ನೆಗೀತವೆ, ಮೊಂಡುತನ ಇಳಿಯುತ್ತೆ. ಯಾರು ಮಾಡಿದ್ರೂ ಗ್ರಾಫಿನ ಗೆರೆ ಕೆಳಗೇ ಇಳಿದಿದೆ. ನಿಂದು ಮಾತ್ರ ಏರಿತು. ತಾಮ್ರ ಜಾಸ್ತಿಯಾದಷ್ಟೂ ಏರಿತು! ನಿನ್ನ ಗೈಡ್ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದ್ರು ಅಂದೆಯಲ್ಲ. ಆವತ್ತು ನಿನ್ನ ಕಾಲು ನೆಲಕ್ಕೇ ತಾಗ್ತಿರಲಿಲ್ಲ. ಪಿಎಚ್‌ಡಿ ಅಂತ ಸೇರಿದ ಈ ಆರು ವರ್ಷದಲ್ಲಿ ನಿನ್ನನ್ನ ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಇವತ್ತು ಅವರು ಒಪ್ಪಿದ್ರೆ ಡಾಕ್ಟರಮ್ಮ. ಒಪ್ಪದೇ ಇದ್ರೆ... ಯಾಕೆ ಒಪ್ಪಲ್ಲ, ಒಪ್ತಾರೆ.

ಆ ಡಬ್ಬಿ ಯಾಕೆ ತಂದೆ? ಬಿಲ್ಲೆಗಳನ್ನ ಯಾರೂ ನೋಡಲ್ಲ ಕಣೇ, ಗೆರೆ ನೋಡ್ತಾರೆ. ಏ, ಬರಿಗೈಲಿ ಮುಟ್ಬೇಡ, ಚಿಮಟ ತಗೋ. ಯಾಕೆ ತಿರುಗಿಸ್ತೀಯ? ಬಳಿದಿರೋದು ಮುಂದೆ, ಹಿಂದೆ ಏನಿದೆ ಅಂತ... ಹಿಂದೆ ಏನೂ ಇಲ್ಲ.

ಹೌದು, ನಂಬರ್ ಇರ್ಬೇಕಿತ್ತು. ವಜ್ರದ ಮೊನೆ ಪೆನ್ನಲ್ಲಿ ಹಿಂದೆ ಗೀಚಿ ಆಮೇಲೆ ಸುಡ್ಬೇಕು, ಹೊಸಬರಿಗೆಲ್ಲ ಅದನ್ನ ಹೇಳಿಕೊಡೋನೇ ನಾನು. ನಿನ್ನ ಈ ಏಳು ಬಿಲ್ಲೆ ಸುಟ್ಟ ದಿನ ಆ ಪೆನ್ನು ಸಿಗಲಿಲ್ಲ. ಮಾರ್ಕರಲ್ಲಿ ಬರೆದೆ. ಎಂಟುನೂರು ಡಿಗ್ರೀಲಿ ಮಾರ್ಕರ್ ಉಳಿಯುತ್ತಾ? ಆದ್ರೂ ತಟ್ಟೇಲಿ ಸಾಲಾಗಿ ಜೋಡಿಸಿದ್ದೆ: ಈ ಕಡೆ ತಾಮ್ರ ಇಲ್ಲದ ಒಂದನೇದು, ಆ ಕಡೆ ತುಂಬ ಇರೋ ಏಳನೇದು. ಸಾಲು ಇದ್ರೆ ಸಾಕಲ್ಲ, ನಂಬರ್ ಯಾಕೆ?

ಹಾಗೆ ನೋಡ್ಬೇಡ. ಹೇಳ್ತೀನಿ.

ತಟ್ಟೆ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಫೋನ್ ಬಂತು. ನಿಮ್ಮಕ್ಕ. ನಲ್ಲಿ ಸೋರ್ತಿದೆ, ಬರ್ತಾ ವಾಷರ್ ತನ್ನಿ ಅಂತ. ಮಾತಾಡ್ತಾ ಮೇಜಿನ ಆ ಕಡೆ ಹೋದೆ. ಆ ಕಡೆಯಿಂದಲೇ ತಟ್ಟೆ ಎತ್ಕೊಂಡು ಬಂದು, ಎಡಗಡೆಯಿಂದ ಒಂದು, ಎರಡು ಅಂತ ಡಬ್ಬೀಲಿ ತುಂಬಿದೆ. ಸುಟ್ಟ ಮೇಲೆ ಏಳೂ ಒಂದೇ ಬಣ್ಣ, ತಟ್ಟೆ ತಿರುಗಿದ್ದು ಗೊತ್ತಾಗ್ಲಿಲ್ಲ... ಏಳು ಒಂದಾಯ್ತು, ಒಂದು ಏಳಾಯ್ತು. ನಡುವಿನ ನಾಲ್ಕನೇದು ಮಾತ್ರ ಎಲ್ಲಿತ್ತೋ ಅಲ್ಲೇ. ನಿನ್ನ ಪ್ರಬಂಧದಲ್ಲಿ ನಿಜ ಹೇಳ್ತಿರೋದು ಅದೊಂದೇ.

ಇದಕ್ಕೂ ನಗಲ್ವಾ?

ನೀನು ಗೆರೆ ಹಿಡ್ಕೊಂಡು ಓಡಿ ಬಂದ ದಿನವೇ ನನಗೆ ಹೊಳೀತು, ತಟ್ಟೆ ತಿರುಗಿದೆ ಅಂತ. ಅವತ್ತೇ ಹೇಳ್ಬೇಕಿತ್ತು. ನಿನ್ನ ಖುಷಿ ನೋಡಿ ಬಾಯಿ ಬರಲಿಲ್ಲ ಕಣೇ. ಇನ್ನೊಂದ್ಸಲ ಸುಡೋಣ ಅಂತ ನೀನು ಬಂದಾಗ ಕುಲುಮೆಗೆ "ಕೆಟ್ಟಿದೆ" ಅಂತ ಚೀಟಿ ಅಂಟಿಸಿದೆ. ಕಾಯಿಲ್ ಹೋಗಿದೆ ಅಂದೆ. ಏನೂ ಹೋಗಿರಲಿಲ್ಲ. ಎಲ್ಲ ನಿನ್ನ ಖುಷಿಗೋಸ್ಕರ...

ಸರಿ. ಅದು ಸುಳ್ಳು.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ನನ್ನ ಕೈಲಿ ಒಂದು ಬಿಲ್ಲೆಯೂ ಅದಲು ಬದಲಾಗಿರಲಿಲ್ಲ. ನನ್ನ ತಟ್ಟೆ ಅಂದ್ರೆ ಕಣ್ಣು ಮುಚ್ಚಿ ನಂಬಬಹುದು ಅಂತ ಮೇಷ್ಟ್ರು ಬಂದೋರಿಗೆಲ್ಲ ಹೇಳ್ತಾರೆ. ಆ ಮಾತು ಹೋಗಿಬಿಡುತ್ತಲ್ಲ ಅಂತ ಭಯ. ಅಷ್ಟೇ. ಅದಕ್ಕೆ ನಿನ್ನನ್ನ ಒತ್ತೆ ಇಟ್ಟೆ. ಬಯ್ಯು. ಒಂದು ಮಾತಾದ್ರೂ ಆಡು. ಇಲ್ಲಾಂದ್ರೆ ಎದ್ದೇಳು, ಬಾ, ನಾನೇ ಒಳಗೆ ಬಂದು ಹೇಳ್ತೀನಿ, ತಟ್ಟೆ ತಿರುಗಿಸಿದೋನು ನಾನು ಅಂತ. ಇನ್ನೂ ಅರ್ಧ ಗಂಟೆ ಇದೆ...

ಏನದು? ಲ್ಯಾಪ್‌ಟಾಪ್ ಯಾಕೆ ನನ್ನ ಕಡೆ ತಿರುಗಿಸ್ತೀಯ? ಇರು, ಕನ್ನಡಕ ಹಾಕ್ಕೊಳ್ತೀನಿ.

ಇದು... ಗೆರೆ ಇಳೀತಿದೆಯಲ್ಲ. ಚೆನ್ನಾಗಿ ಇಳೀತಿದೆ. ಇದು ಹೊಸ ಬ್ಯಾಚು. ಯಾರು ಸುಟ್ಟರು? ನೀನಾ? ನಾನು ರಜಾ ಹಾಕಿದ್ದೆನಲ್ಲ ಆ ಮೂರು ದಿನ? ಚೀಟಿ ಕಿತ್ತು ಹಾಕಿ? ಮೇಷ್ಟ್ರಿಗೂ ಗೊತ್ತಾ? ಹೌದು ಅಂತ ತಲೆ ಆಡಿಸ್ತೀಯ... ಹಾಗಾದ್ರೆ ಇವತ್ತು ನೀನು ಹೇಳೋದು ಇದನ್ನೇ. ಅಬ್ಬ, ಬದುಕಿದೆ. ನೀನು ಗೆದ್ದೆ ಬಿಡು, ಹೊಸ ಸಂಶೋಧನೆ ಅಲ್ಲದಿದ್ರೂ ಸರಿಯಾಗಿದೆ, ಸಾಕು.

ಆದ್ರೆ ನಾನು ರಜಾ ಹಾಕಿದ್ದು... ಮೂರು ವಾರ ಆಯ್ತು.

ಮೂರು ವಾರದಿಂದ ನಿನಗೆ ಗೊತ್ತು. ದಿನಾ ಸಂಜೆ ನಮ್ಮನೆಗೆ ಬಂದು, ನನ್ನೆದುರೇ ಕೂತು ಕಾಫಿ ಕುಡೀತಾ, "ಭಾವ, ಏನಾದ್ರೂ ಹೇಳೋದಿದೆಯಾ" ಅಂತ ಕೇಳ್ತಿದ್ದೆ. ಸುಮ್ನೆ ಕೇಳ್ತೀಯ ಅಂದ್ಕೊಂಡಿದ್ದೆ.

ದಿನಾ ಕೇಳ್ತಿದ್ದೆ. ನಾನು ದಿನಾ, ಏನೂ ಇಲ್ಲ ಕಣೇ, ಅಂತಿದ್ದೆ.