ಬೆನ್ನು ಹಿಡಿದು ದಾಟಿದ್ದು

ನಗೋದಾದ್ರೆ ಈಗಲೇ ನಕ್ಕುಬಿಡಿ. ನಡುವೆ ಹಲ್ಲು ಕಿರಿದ್ರೆ ನಾನು ಎದ್ದು ಮಲಗೋಕೆ ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ದೊಡ್ಡಮ್ಮನ ಮಗ, ಹೊಲಿಗೆ ಮೆಷಿನ್ ರಿಪೇರಿ ಮಾಡ್ತಾನಲ್ಲ, ಮೆಷಿನ್ ಅಣ್ಣ... ಅವನಿಗೇ ಆಗಿದ್ದು. ಕತೆ ಕಟ್ಟೋಷ್ಟು ಜಾಣ ಅಲ್ಲ ಅವನು, ಪಾಪ.

ಅವನ ಮಗಳಿಗೆ ಜ್ವರ ಬಂದು ಎರಡೂ ಕಿವಿ ಹೋಗಿದ್ದು ನಿಮಗೆ ಗೊತ್ತು. ಮಾತು ಮೊದಲೇ ಕಲಿತಿತ್ತು, ಅದೊಂದು ಉಳೀತು. ತುಟಿ ನೋಡಿ ಅರ್ಥ ಮಾಡ್ಕೊಳ್ಳುತ್ತೆ. ಬೆನ್ನ ಹಿಂದೆ ಪಾತ್ರೆ ಎತ್ತಿಹಾಕಿದ್ರೂ ತಿರುಗಲ್ಲ. ದೊಡ್ಡ ಡಾಕ್ಟರಿಗೆ ತೋರಿಸಿದ್ರೆ ಒಂದು ಕಿವಿಯಾದ್ರೂ ಬಂದೀತು ಅಂತ ಆಸೆ ಇಟ್ಕೊಂಡು, ಅಣ್ಣ ಮಗು ಕರ್ಕೊಂಡು ಆ ದೊಡ್ಡ ಊರಿಗೆ ಹೊರಟ. ಅವನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು.

ಅಲ್ಲಿ ಅವನ ನಾದಿನಿ ನರ್ಸು. ಮನೆ ಬಸ್ ಸ್ಟ್ಯಾಂಡಿನ ಎದುರಿಗೇ, ರಸ್ತೆ ದಾಟಿದ್ರೆ ಆಯ್ತು. ಫೋನಲ್ಲಿ ಹತ್ತು ಸಲ ಹೇಳಿದ್ಲಂತೆ. "ಭಾವ, ಗಾಡಿ ನಿಲ್ಲುತ್ತೆ ಅಂತ ಕಾಯ್ಬೇಡಿ, ಬೆಳಗಾಗಿಬಿಡುತ್ತೆ. ಇಲ್ಲಿ ಎಲ್ಲರೂ ಮಾಡೋದು ಒಂದೇ. ದಾಟೋರ ಬೆನ್ನು ಹಿಡೀರಿ. ಅವರು ಹೆಜ್ಜೆ ಇಟ್ರೆ ನೀವೂ ಇಡಿ. ಗಾಡಿ ಕಡೆ ಮಾತ್ರ ನೋಡ್ಬೇಡಿ."

ಸಂಜೆ ದೀಪ ಹತ್ತೋ ಹೊತ್ತಿಗೆ ಬಸ್ಸು ಇಳಿದ. ಇಳಿದವನೇ ಕಂಗಾಲು. ಮೂರು ಆಟೋದವರು ಮೂರು ಕಡೆಯಿಂದ ಚೀಲ ಎಳೆದ್ರು. ಫುಟ್‌ಪಾತ್ ಮೇಲೆ ಸ್ಕೂಟರು, ರಸ್ತೆ ಮೇಲೆ ಜನ. ಹಿಂದಿನಿಂದ ಒಬ್ಬ ಪೀಂ ಪೀಂ ಅಂತ ಹಾರ್ನ್ ಹೊಡೀತಾನೆ, ಇವನು ಗೋಡೆಗೆ ಅಂಟಿಕೊಂಡು ನಿಂತಿದ್ರೂ. ಲಾರಿಗಳ ಭೋಂ... ರಸ್ತೆ ಕೊರೆಯೋ ಮೆಷಿನ್ನಿನ ಗಡಗಡಗಡ... ಕಂಡಕ್ಟರ್ ತಗಡು ಬಡಿಯೋ ಢಬಢಬ. ಹೊಗೆಗೆ ಕಣ್ಣಲ್ಲಿ ನೀರು. ಮಗು ಮಾತ್ರ ಹಾಯಾಗಿ ದೀಪ ನೋಡ್ತಾ ಇತ್ತಂತೆ. ಕಿವಿ ಇಲ್ಲದ್ದೇ ಪುಣ್ಯ ಅನ್ನಿಸ್ತು ಅಂದ ಅಣ್ಣ, ಹಾಗೆ ಅನ್ನಿಸಿದ್ದಕ್ಕೆ ತನ್ನನ್ನೇ ಬೈಕೊಂಡ.

ರಸ್ತೆ ಅಂಚಿಗೆ ನಿಂತ. ಕಾಲು ಮುಂದಿಡ್ತಾನೆ, ಹಿಂದೆ ತಗೋತಾನೆ. ಆಗ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತ್ಲು. ಬೂದು ಸೀರೆ, ಕೈಯಲ್ಲಿ ಬುತ್ತಿ ಚೀಲ. ಕೆಲಸ ಮುಗಿಸಿ ಮನೆಗೆ ಹೋಗೋಳ ಹಾಗೆ. ಎಡಕ್ಕೂ ನೋಡ್ಲಿಲ್ಲ, ಬಲಕ್ಕೂ ನೋಡ್ಲಿಲ್ಲ... ನಡೆದೇಬಿಟ್ಲು.

ಅಣ್ಣ ಮಗುವಿನ ಮಣಿಕಟ್ಟು ಬಿಗಿಯಾಗಿ ಹಿಡಿದು ಅವಳ ಬೆನ್ನಿಗೆ ಬಿದ್ದ.

ನಡುರಸ್ತೆ ತನಕ ಹೋದ್ಮೇಲೆ ಅವನಿಗೆ ಏನೋ ಸರಿಯಿಲ್ಲ ಅನ್ನಿಸ್ತು. ಮೆಷಿನ್ ಸದ್ದು ಕೇಳಿಯೇ ಯಾವ ಸ್ಕ್ರೂ ಸಡಿಲ ಅಂತ ಹೇಳೋನು ಅವನು. ಗಾಡಿಗಳು ಇವನನ್ನ ಕಂಡು ಕಿರ್ರ್ ಅಂತ ಬ್ರೇಕ್ ಹಾಕ್ತಿದ್ವು. ಅವಳನ್ನ ಕಂಡು... ಒಂದೂ ಹಾಕ್ತಿರಲಿಲ್ಲ. ಒಂದು ಹಾರ್ನೂ ಇಲ್ಲ. ಗಾಡಿ ನೋಡ್ಬೇಡಿ ಅಂದಿದ್ಲು ನಾದಿನಿ. ಇವನು ನೋಡಿದ. ಒಂದು ಬಸ್ಸು ಬಂತು. ಅವಳಿದ್ದ ಜಾಗದಲ್ಲೇ ಹಾದು ಹೋಯ್ತು, ಪೂರ್ತಿ ಬಸ್ಸು. ಹೋದ್ಮೇಲೆ ಅವಳು ಅಲ್ಲೇ ಇದ್ಲು. ಕೈಯಲ್ಲಿದ್ದ ಚೀಲ ಕೂಡ ಅಲ್ಲಾಡಿರಲಿಲ್ಲ.

ಅಣ್ಣ ಅಲ್ಲೇ ನಿಂತುಬಿಟ್ಟ. ಆಗ ಮಗು ಅವನ ಕೈ ಜಗ್ಗಿತು.

"ಅಪ್ಪ... ಆಂಟಿ ಕರೀತಿದ್ದಾರೆ. ಬೇಗ ಬಾ ಅಂತಿದ್ದಾರೆ."

ಅವಳು ಬೆನ್ನು ಹಾಕಿ ನಿಂತಿದ್ಲು ಕಣ್ರೋ. ತುಟಿ ಕಾಣೋ ಹಾಗೇ ಇರಲಿಲ್ಲ.

ಮಗು ಮುಂದಕ್ಕೆ ಎಳೀತಿದೆ, ಲಾರಿ ಬರ್ತಿದೆ. ಅಣ್ಣ ಮಗುವನ್ನ ಬಾಚಿ ತಬ್ಬಿಕೊಂಡು ಅಲ್ಲೇ ಡಾಂಬರಿನ ಮೇಲೆ ಕುಕ್ಕರಿಸಿಬಿಟ್ಟ. ಕೀಈಈ... ಅಂತ ಲಾರಿ ನಿಂತಿತು, ಮೊಣಕಾಲಿಗೆ ಗೇಣು ದೂರದಲ್ಲಿ. ಟ್ರಾಫಿಕ್ ಪೊಲೀಸು ಓಡಿ ಬಂದು ಕಾಲರ್ ಹಿಡಿದು ಅಂಚಿಗೆ ಎಳೆದು ತಂದ. ಸಾಯೋಕೆ ಬಂದೋನು ಮಗುನ ಯಾಕೆ ತಂದೆ ಅಂತ ಬಾಯಿಗೆ ಬಂದ ಹಾಗೆ ಬೈದ. ಆ ಹೆಂಗಸಿನ ಹಿಂದೆ ಬಂದೆ ಅಂತ ಅಣ್ಣ ತೊದಲಿದ. ಪೊಲೀಸು ಬೈಯೋದು ನಿಲ್ಲಿಸಿದ. ಆಚೀಚೆ ನೋಡಿ, ಪಿಸುಗುಟ್ಟಿದ.

"ಬುತ್ತಿ ಚೀಲ ಇತ್ತಾ?"

"ಹ್ಞೂಂ."

"ಅವಳ ಹತ್ರ ಮಾತಾಡಿದ್ಯಾ?"

"ನಾನಿಲ್ಲ..."

"ಸರಿ. ನಡಿ, ನಡಿ." ಅಷ್ಟೇ. ಅವನೇ ಕೈ ಹಿಡಿದು ದಾಟಿಸಿದ.

ಮಾರನೇ ದಿನ ಡಾಕ್ಟರು ಮಗುವನ್ನ ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ್ರು. ಸದ್ದು ಕೇಳಿದ್ರೆ ಕೈ ಎತ್ತಬೇಕು. ಸದ್ದು ಏರಿಸ್ತಾ ಹೋದ್ರು... ಮಗು ಕೈ ಎತ್ತಲಿಲ್ಲ. ಕೊನೇ ತನಕ ಏರಿಸಿದ್ರು. ಇಲ್ಲ. ಏನೂ ಉಳಿದಿಲ್ಲ ಅಂತ ಡಾಕ್ಟರು ಮೆಷಿನ್ ಆರಿಸಿದ್ರು. ಅಣ್ಣ ಮುಖ ಮುಚ್ಕೊಂಡು ಅತ್ತ.

ತಲೆ ಎತ್ತಿ ನೋಡಿದ್ರೆ ಮಗು ಕೈ ಎತ್ತಿಕೊಂಡು ಕೂತಿದೆ.

ಓಡಿಹೋಗಿ ಹೆಡ್‌ಫೋನ್ ಕಿತ್ತು, ಏನು ಕೇಳಿಸ್ತು ಅಂತ ಕೇಳಿದ.

"ಆಂಟಿ. ನಿಮ್ಮನೆ ಎಲ್ಲಿ ಅಂತ ಕೇಳಿದ್ರು."

"ನೀನು... ಹೇಳಿದ್ಯಾ?"

"ಹೇಳ್ದೆ."

ಆಮೇಲೆ? ಆಮೇಲೇನಿಲ್ಲ, ವಾಪಸ್ ಬಂದ್ರು. ಡಾಕ್ಟರನ್ನ ಕೇಳಿದ್ರೆ ಭ್ರಮೆ ಅಂತಾರೆ. ಇರಬಹುದು. ಆದರೆ ಹೋದ ವಾರ ನಾನೇ ಅವರ ಮನೆಯಲ್ಲಿದ್ದೆ. ಅಣ್ಣ ಮೆಷಿನ್ನಿಗೆ ಎಣ್ಣೆ ಬಿಡ್ತಿದ್ದ, ಅತ್ತಿಗೆ ಬಟ್ಟೆ ಮಡಿಸ್ತಿದ್ಲು. ಯಾರೂ ಬಾಗಿಲು ತಟ್ಟಲಿಲ್ಲ, ನನ್ನ ಕಿವಿ ಚೆನ್ನಾಗೇ ಇದೆ. ಮಗು ಆಟ ಬಿಟ್ಟು ಎದ್ದು ಹೋಗಿ ಚಿಲಕ ತೆಗೀತು. ಹೊರಗೆ ಯಾರೂ ಇರಲಿಲ್ಲ. ಪಕ್ಕಕ್ಕೆ ಸರಿದು, ಒಬ್ಬರು ಒಳಗೆ ಬರೋಷ್ಟು ದಾರಿ ಬಿಟ್ಟು, ಸ್ವಲ್ಪ ಹೊತ್ತು ನಿಂತಿತ್ತು... ಆಮೇಲೆ ಬಾಗಿಲು ಹಾಕಿಕೊಂಡು ಬಂತು. ನಾನೇ ಕಣ್ಣಾರೆ ಕಂಡಿದ್ದು.